ಆರ್‌ವಿ-6ರ ಕೈಲಿವರ್ ತೆಗೆದು ಫ್ಲ್ಯಾಪ್‌ಗೆ ಮೋಟಾರು ಹಾಕಬೇಕೆ?

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಬೇರೊಬ್ಬರು ಕಿಟ್ ತರಿಸಿ ಕಟ್ಟಿದ್ದ ವ್ಯಾನ್ಸ್ ಆರ್‌ವಿ-6 ವಿಮಾನವನ್ನು ಕೊಂಡಿದ್ದೇನೆ. ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಹಲಗೆ) ಇಳಿಸಲು ಎರಡು ಸೀಟುಗಳ ನಡುವೆ ಕೈಲಿವರ್ ಇದೆ. ಕೊನೆಯ ಹಲ್ಲಿಗೆ ಎಳೆಯುವಷ್ಟರಲ್ಲಿ ಭುಜ ನೋಯುತ್ತದೆ, ಪಕ್ಕದವರ ಕಾಲಿಗೂ ತಾಗುತ್ತದೆ. ಇದನ್ನು ಕಿತ್ತು ಎಲೆಕ್ಟ್ರಿಕ್ ಮಾಡಬೇಕೆಂದಿದ್ದೇನೆ. 12 ವೋಲ್ಟಿನ, ಸ್ಕ್ರೂ ತಿರುಗಿಸಿ ನೇರವಾಗಿ ತಳ್ಳುವ ಲೀನಿಯರ್ ಆಕ್ಚುಯೇಟರ್‌ಗಳು ಅಗ್ಗವಾಗಿ ಸಿಗುತ್ತವೆ. ರೆಕ್ಕೆಗೊಂದರಂತೆ ಎರಡು ಹಾಕಿ, ಎರಡೂ ಫ್ಲ್ಯಾಪನ್ನು ಜೋಡಿಸುವ ನಡುವಿನ ಕೊಳವೆ, ಅಂದರೆ ಟಾರ್ಕ್ ಟ್ಯೂಬನ್ನೇ ತೆಗೆದುಬಿಟ್ಟರೆ ಜಾಗವೂ ಉಳಿಯುತ್ತದಲ್ಲವೆ? ಗುಂಡಿಯನ್ನು ಸ್ಟಿಕ್ (ವಿಮಾನ ನಡೆಸುವ ಕೈಕೋಲು) ಮೇಲೆ ಇಡುವ ಯೋಚನೆ. ಬೆಂಗಳೂರಿನ ಜಕ್ಕೂರಿನಲ್ಲಿ ಸಿಎಚ್ 701 ಎಂಬ ಸಣ್ಣ ವಿಮಾನ ಹಾರಿಸುವ ಗೆಳೆಯನೂ ಇದನ್ನೇ ಕೇಳುತ್ತಿದ್ದಾನೆ.

ಉತ್ತರ: ಮೋಟಾರು ಹಾಕಬಹುದು. ಎರಡು ಮೋಟಾರು ಬೇಡ, ಟಾರ್ಕ್ ಟ್ಯೂಬ್ ತೆಗೆಯಲೇಬೇಡಿ.

ಕಾರಣ ಇದು. ಫ್ಲ್ಯಾಪ್ ಇಳಿಯದೇ ಹೋದರೆ ಆಗುವ ತೊಂದರೆ ಸಣ್ಣದು. ಸ್ವಲ್ಪ ಹೆಚ್ಚು ವೇಗದಲ್ಲಿ ಬಂದು, ಸ್ವಲ್ಪ ಉದ್ದದ ರನ್‌ವೇ ನೋಡಿ ಇಳಿಯುತ್ತೀರಿ, ಅಷ್ಟೆ. ಆದರೆ ಬಲಗಡೆಯದು 40 ಡಿಗ್ರಿ ಇಳಿದು ಎಡಗಡೆಯದು 10ರಲ್ಲೇ ನಿಂತರೆ, ಒಂದು ರೆಕ್ಕೆ ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕುಸಿಯುತ್ತದೆ. ಅದೂ ನೆಲದ ಹತ್ತಿರ, ಕಡಿಮೆ ವೇಗದಲ್ಲಿ, ವಾಲಿಕೆ ಸರಿಪಡಿಸುವ ಏಲೆರಾನ್‌ಗೆ ಹಿಡಿತ ಕಡಿಮೆ ಇರುವ ಹೊತ್ತಿನಲ್ಲಿ. ಒಂದೇ ಮಾಡೆಲಿನ ಎರಡು ಆಕ್ಚುಯೇಟರ್‌ಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದರ ಬ್ರಷ್ ಸವೆದಿರುತ್ತದೆ, ಒಂದರ ತಂತಿ ಉದ್ದವಿರುತ್ತದೆ, ಒಂದರ ಕನೆಕ್ಟರಿನಲ್ಲಿ ಕಿಲುಬು ಕೂತಿರುತ್ತದೆ. ಎರಡನ್ನೂ ಹೊಂದಿಸುವ ಎಲೆಕ್ಟ್ರಾನಿಕ್ ಸರ್ಕೀಟು ಹಾಕಿದಿರೋ, ಕೆಡಬಹುದಾದ ಇನ್ನೊಂದು ವಸ್ತು ಸೇರಿತು. ಅಡ್ಡಲಾಗಿ ಹೋಗುವ ಉಕ್ಕಿನ ಕೊಳವೆ ಈ ಪ್ರಶ್ನೆಯನ್ನೇ ಹುಟ್ಟಲು ಬಿಡುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಸಣ್ಣ ವಿಮಾನಗಳಿಗೆ 2017ರವರೆಗೆ ಅನ್ವಯಿಸುತ್ತಿದ್ದ ಅಮೆರಿಕದ ನಿಯಮ 23.701 ಕೂಡ ಇದನ್ನೇ ಹೇಳುತ್ತಿತ್ತು: ಎರಡೂ ಕಡೆಯ ಫ್ಲ್ಯಾಪ್‌ಗಳು ಯಾಂತ್ರಿಕವಾಗಿ ಜೋಡಿಯಾಗಿರಬೇಕು, ಇಲ್ಲವೇ ಒಂದು ಇಳಿದು ಒಂದು ಇಳಿಯದಿದ್ದರೂ ವಿಮಾನ ಸುರಕ್ಷಿತ ಎಂದು ತೋರಿಸಬೇಕು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಆ ನಿಯಮದ ಕಟ್ಟುಪಾಡಿಲ್ಲ. ಗಾಳಿಗೆ ಅದು ಗೊತ್ತಿಲ್ಲ.

ಆದ್ದರಿಂದ ಕೆಲಸದ ಉದ್ದಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿರಿ: ಈ ಭಾಗ ಕೆಟ್ಟರೆ ಫ್ಲ್ಯಾಪ್ ಇದ್ದಲ್ಲೇ ನಿಲ್ಲುತ್ತದೆಯೋ, ತಾನಾಗಿ ಓಡುತ್ತದೆಯೋ? ನಿಲ್ಲುವಂತಿದ್ದರೆ ಸರಿ.

ಮೊದಲು ಲಿವರ್ ಭಾರವೇಕೆ, ನೋಡಿ

ಎಷ್ಟೋ ಆರ್‌ವಿ-6ಗಳ ಲಿವರ್ ಭಾರವಾಗಿರುವುದು ಲಿವರಿನ ತಪ್ಪಲ್ಲ. ಫ್ಲ್ಯಾಪ್ ಮೇಲಿನ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಮೈಲಿಯಲ್ಲಿ ಎಳೆಯುವುದಕ್ಕಿಂತ 100ರಲ್ಲಿ ಎಳೆಯಲು ಒಂದೂವರೆ ಪಟ್ಟಿಗೂ ಹೆಚ್ಚು ಬಲ ಬೇಕು. ಆರ್‌ವಿ-6ಕ್ಕೆ ಅರ್ಧ ಫ್ಲ್ಯಾಪ್, ಅಂದರೆ 20 ಡಿಗ್ರಿಗೆ ಗರಿಷ್ಠ ವೇಗ 110 ಮೈಲಿ. ಪೂರ್ತಿ 40 ಡಿಗ್ರಿಗೆ 100 ಮೈಲಿ. ಇವು ಮಿತಿಗಳು, ಅಭ್ಯಾಸದ ವೇಗಗಳಲ್ಲ. ಕೊನೆಯ ಹಲ್ಲನ್ನು 80ರ ಆಸುಪಾಸಿನಲ್ಲಿ ಎಳೆದು ನೋಡಿ. ಅರ್ಧ ದೂರು ಅಲ್ಲೇ ತೀರಬಹುದು. ಹಾಗೆ ನೋಡಿದರೆ ಭಾರವಾಗುವ ಲಿವರ್ ಒಂದು ಎಚ್ಚರಿಕೆಯೂ ಹೌದು, 'ವೇಗ ಜಾಸ್ತಿ ಇದೆ' ಎಂದು ಕೈಗೇ ಹೇಳುತ್ತದೆ. ಮೋಟಾರು ಹೇಳುವುದಿಲ್ಲ, ಸುಮ್ಮನೆ ತಳ್ಳುತ್ತದೆ.

ಆಮೇಲೆ ಹ್ಯಾಂಗರಿನಲ್ಲಿ, ಟ್ಯೂಬಿನಿಂದ ಫ್ಲ್ಯಾಪಿಗೆ ಹೋಗುವ ಎರಡೂ ಪುಶ್‌ರಾಡ್‌ಗಳನ್ನು ಫ್ಲ್ಯಾಪ್ ಕಡೆಯಿಂದ ಬಿಚ್ಚಿ. ಫ್ಲ್ಯಾಪ್ ತನ್ನ ತೂಕಕ್ಕೇ ಸರಾಗವಾಗಿ ಕೆಳಗೆ ಬೀಳಬೇಕು. ನಡುವೆ ಎಲ್ಲಾದರೂ ಹಿಡಿದರೆ ಉದ್ದನೆಯ ಪಿಯಾನೋ ಹಿಂಜ್ ಒಣಗಿದೆ ಅಥವಾ ಅದರ ತಂತಿ ಬಾಗಿದೆ. ಟಾರ್ಕ್ ಟ್ಯೂಬ್ ಮಾತ್ರ ಉಳಿದಾಗ ಲಿವರ್ ಎರಡು ಬೆರಳಿಗೆ ಬರಬೇಕು. ಬರದಿದ್ದರೆ ಟ್ಯೂಬನ್ನು ಹಿಡಿದಿರುವ ಬಿಳಿ ಪ್ಲಾಸ್ಟಿಕ್ ಬ್ಲಾಕುಗಳು ಒಂದೇ ಸಾಲಿನಲ್ಲಿಲ್ಲ: ಒಂದೊಂದೇ ಬ್ಲಾಕಿನ ಬೋಲ್ಟು ಸಡಿಲಿಸುತ್ತ ಹೋಗಿ, ಯಾವುದನ್ನು ಸಡಿಲಿಸಿದಾಗ ಕೊಳವೆ ಬಿಡುಗಡೆಯಾಯಿತೋ ಅದರಡಿಗೆ ತೆಳು ತಗಡಿನ ಚೂರು (ಶಿಮ್) ಹಾಕಿ. ಈ ಪ್ಲಾಸ್ಟಿಕ್‌ಗೆ ಗ್ರೀಸ್ ಬೇಡ. ಗ್ರೀಸಿಗೆ ಮರಳು, ಧೂಳು ಅಂಟಿ ಉಕ್ಕನ್ನೇ ತೇಯುತ್ತದೆ. ಕೊನೆಯದಾಗಿ ಪುಶ್‌ರಾಡ್ ವಿಮಾನದ ಹೊಟ್ಟೆಯಿಂದ ಹೊರಬರುವ ಸೀಳಿನ ಅಂಚು ನೋಡಿ. ಅಲ್ಲಿ ಬಣ್ಣ ಉಜ್ಜಿಹೋಗಿದ್ದರೆ ರಾಡ್ ತಾಗುತ್ತಿದೆ.

ಈ ತಪಾಸಣೆ ಮೋಟಾರು ಹಾಕುವವರಿಗೂ ಬಿಟ್ಟಿಲ್ಲ. ಎಲ್ಲೋ ಹಿಡಿಯುತ್ತಿರುವ ಫ್ಲ್ಯಾಪ್‌ಗೆ ಮೋಟಾರು ಕಟ್ಟಿದರೆ ತೊಂದರೆ ಕಾಣದಂತಾಗುತ್ತದೆ ಅಷ್ಟೆ. ಕೈಗೆ ಗೊತ್ತಾಗುತ್ತಿದ್ದದ್ದು ಒಂದು ದಿನ ಬಾಗಿದ ಬ್ರ್ಯಾಕೆಟ್ಟಾಗಿ ಹೊರಬರುತ್ತದೆ.

ಇಷ್ಟಾದ ಮೇಲೂ ಮೋಟಾರೇ ಬೇಕೆನಿಸಿದರೆ ಕಳೆದುಕೊಳ್ಳುವುದೇನೆಂದು ತಿಳಿದಿರಲಿ. ಲಿವರ್ ಬ್ಯಾಟರಿ ಕೇಳುವುದಿಲ್ಲ. ಚಕ್ರ ನೆಲ ಮುಟ್ಟಿದ ಕೂಡಲೇ ಫ್ಲ್ಯಾಪ್ ಮೇಲೆತ್ತಿ ತೂಕವನ್ನು ಚಕ್ರದ ಮೇಲೆ ಹಾಕಬಹುದು; ಸಣ್ಣ ಹುಲ್ಲು ಪಟ್ಟಿಗಳಲ್ಲಿ ಇದು ದೊಡ್ಡ ಅನುಕೂಲ. ಮೋಟಾರು ಅಷ್ಟೇ ಕೆಲಸಕ್ಕೆ ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಗುವುದು ನೆಲದ ಜಾಗ, ಭುಜಕ್ಕೆ ನೆಮ್ಮದಿ, 20 ಮತ್ತು 40ರ ನಡುವೆ ಬೇಕಾದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ. ಡಾಂಬರು ರನ್‌ವೇಗಳಲ್ಲೇ ಹಾರುವವರಿಗೆ ಬದಲಾವಣೆ ಒಪ್ಪಬಹುದಾದ ವ್ಯಾಪಾರ. ಸಣ್ಣ ಪಟ್ಟಿಗಳಲ್ಲಿ ಇಳಿಯುವವರು ಲಿವರನ್ನೇ ಸರಿಪಡಿಸಿ ಉಳಿಸಿಕೊಳ್ಳುವುದು ಮೇಲು.

ಆಕ್ಚುಯೇಟರ್ ಎಷ್ಟು ಬಲದ್ದು?

ಲೆಕ್ಕ ಕಷ್ಟವಲ್ಲ. ಹಿಂಜ್ ಸುತ್ತ ತಿರುಗಿಸುವ ಬಲ ಅಂದರೆ ಗುಣಾಂಕ, ಗಾಳಿಯ ಒತ್ತಡ, ಫ್ಲ್ಯಾಪಿನ ವಿಸ್ತೀರ್ಣ, ಫ್ಲ್ಯಾಪಿನ ಅಗಲ (ಮುಂದಿನಿಂದ ಹಿಂದಕ್ಕೆ), ಈ ನಾಲ್ಕರ ಗುಣಲಬ್ಧ. ಗಂಟೆಗೆ 100 ಮೈಲಿಯಲ್ಲಿ ಗಾಳಿಯ ಒತ್ತಡ ಚದರಡಿಗೆ 25.6 ಪೌಂಡು. ಲೆಕ್ಕದ ದಾರಿ ತೋರಿಸಲು ಒಂದು ಫ್ಲ್ಯಾಪ್ 4 ಚದರಡಿ, ಅಗಲ 0.9 ಅಡಿ, 40 ಡಿಗ್ರಿಯಲ್ಲಿ ಗುಣಾಂಕ 0.4 ಎಂದಿಟ್ಟುಕೊಳ್ಳಿ (ನಿಮ್ಮ ಫ್ಲ್ಯಾಪನ್ನು ಟೇಪು ಹಿಡಿದು ಅಳೆದು ಸಂಖ್ಯೆ ಬದಲಿಸಿ). ಒಂದು ಕಡೆಗೆ ಸುಮಾರು 37 ಅಡಿ-ಪೌಂಡು, ಎರಡೂ ಸೇರಿ 74, ಅಂದರೆ 885 ಇಂಚು-ಪೌಂಡು. ಫ್ಲ್ಯಾಪಿನ ಕೊಂಬೂ ಟ್ಯೂಬಿನ ತುದಿಯ ತೋಳೂ ಒಂದೇ ಉದ್ದವಿದ್ದು, ಮೋಟಾರು ತಳ್ಳುವ ನಡುವಿನ ತೋಳು 4 ಇಂಚು ಇದ್ದರೆ, ಆಕ್ಚುಯೇಟರ್ ತಳ್ಳಬೇಕಾದದ್ದು ಸುಮಾರು 220 ಪೌಂಡು, 100 ಕಿಲೋ. ಒಂದೂವರೆ ಪಟ್ಟು ಅಂಚು ಇಟ್ಟರೆ 330 ಪೌಂಡು.

ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ತೋಳು ಕುಳ್ಳಗಾದಷ್ಟೂ ಬಲ ಏರುತ್ತದೆ. ಜಾಗ ಸಾಲದೆಂದು 4 ಇಂಚಿನ ತೋಳನ್ನು 2ಕ್ಕೆ ಇಳಿಸಿದರೆ ಎಲ್ಲವೂ ದುಪ್ಪಟ್ಟು, ಬ್ರ್ಯಾಕೆಟ್ಟಿನ ಮೇಲಿನ ಹೊರೆಯೂ ಸೇರಿ. ಇನ್ನೊಂದು, ಅಂಗಡಿಯ ಆಕ್ಚುಯೇಟರ್ ಪೆಟ್ಟಿಗೆ ಮೇಲೆ ಬರೆದ ಬಲ ಹೆಚ್ಚಾಗಿ ತಳ್ಳುವ ಬಲ. ತಳ್ಳದೆ ನಿಂತಾಗ ತಡೆದು ಹಿಡಿಯುವ ಬಲ ಬೇರೆಯೇ ಸಂಖ್ಯೆ, ನಿಮಗೆ ಎರಡೂ ಬೇಕು.

ಒಳಗಿನ ಸ್ಕ್ರೂ ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳಿ. ಅಕ್ಮೆ ದಾರದ ಸ್ಕ್ರೂ ಕರೆಂಟು ಹೋದಾಗ ಇದ್ದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಬಾಲ್ ಸ್ಕ್ರೂ ಹಗುರವಾಗಿ ಓಡುತ್ತದೆ, ಆದರೆ ಬ್ರೇಕ್ ಇಲ್ಲದಿದ್ದರೆ ಗಾಳಿಯೇ ಅದನ್ನು ಹಿಂದಕ್ಕೆ ತಿರುಗಿಸಿ ಫ್ಲ್ಯಾಪನ್ನು ಮೇಲೆತ್ತಿಬಿಡುತ್ತದೆ. ಇಳಿಯುವ ಹಾದಿಯಲ್ಲಿ ಫ್ಲ್ಯಾಪ್ ತಾನಾಗಿ ಏರಿದರೆ ವಿಮಾನ ಕುಸಿಯುತ್ತದೆ. ಬಾಲ್ ಸ್ಕ್ರೂ ಬೇಡ. ವೇಗದ ವಿಷಯಕ್ಕೆ ಬಂದರೆ, ಸೊನ್ನೆಯಿಂದ 40 ಡಿಗ್ರಿಗೆ 5ರಿಂದ 10 ಸೆಕೆಂಡು ಹಿತ. ಎರಡು ಸೆಕೆಂಡಿನಲ್ಲಿ ಇಳಿದರೆ ಮೂಗು ಕೈಗೆ ಸಿಗದ ವೇಗದಲ್ಲಿ ತಿರುಗುತ್ತದೆ. ಇಪ್ಪತ್ತು ತೆಗೆದುಕೊಂಡರೆ ಗೋ-ಅರೌಂಡ್ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ) ಹೊತ್ತಿನಲ್ಲಿ ಕಾಯುವುದೇ ಕೆಲಸ.

ನೇರ ಸಲಹೆ: ವ್ಯಾನ್ಸ್ ಕಂಪನಿಯ ಎಲೆಕ್ಟ್ರಿಕ್ ಫ್ಲ್ಯಾಪ್ ಭಾಗಗಳನ್ನೇ ತರಿಸಿ. ನಡುವೆ ತೋಳು ಬೆಸೆದ ಟಾರ್ಕ್ ಟ್ಯೂಬ್, ಮೋಟಾರು, ಸೀಟಿನ ಬೆನ್ನ ನಡುವೆ ಅದನ್ನು ಹಿಡಿಯುವ ಚಾನೆಲ್, ಎಲ್ಲವೂ ಈ ಹೊರೆಗೆಂದೇ ಮಾಡಿದವು. ಹಳೆಯ ಕೈಲಿವರ್ ಟ್ಯೂಬಿಗೆ ಹೊಸ ತೋಳು ಬೆಸೆಯಲು ಹೋಗಬೇಡಿ. ವಿಮಾನದ ಉಕ್ಕಿನ ತೆಳು ಕೊಳವೆಯನ್ನು ಬೆಸೆದು ಅನುಭವವಿಲ್ಲದವರು ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಶುರುವಾಗುತ್ತದೆ.

ಯಾಂತ್ರಿಕ ಕೆಲಸ

ಲಿವರಿದ್ದಾಗ ಬಲವೆಲ್ಲ ನೆಲದ ಹಲ್ಲುಪಟ್ಟಿಗೆ ಹೋಗುತ್ತಿತ್ತು. ಈಗ ಆ 220 ಪೌಂಡು ಸೀಟಿನ ಹಿಂದಿನ ಚಾನೆಲ್ಲಿನ ಮೇಲ್ತುದಿಗೆ ಹೋಗುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎಂಟನೇ ಒಂದು ಇಂಚಿನ ಎಎನ್470ಎಡಿ4 ರಿವೆಟ್ಟೊಂದು ಕತ್ತರಿಸುವ ಬಲಕ್ಕೆ ಸುಮಾರು 388 ಪೌಂಡು ತಾಳುತ್ತದೆ, ಹಾಗಾಗಿ ನಾಲ್ಕೇ ರಿವೆಟ್ಟು ಸಾಕೆಂದು ಕಾಣುತ್ತದೆ. ತೆಳು ತಗಡು ಅಷ್ಟು ತಾಳುವುದಿಲ್ಲ, ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಮೇಲಾಗಿ ಮೋಟಾರು ಚಾನೆಲ್ಲಿನ ಮಧ್ಯಕ್ಕೆ ಸರಿಯಾಗಿ ಇರದಿದ್ದರೆ ರಿವೆಟ್ಟಿನ ತಲೆಯನ್ನು ಮೀಟಿ ಎಬ್ಬಿಸುವ ಬಲ ಸೇರುತ್ತದೆ. ನಕ್ಷೆಯಲ್ಲಿರುವ ಪ್ರತಿ ರಿವೆಟ್ಟನ್ನೂ ಹಾಕಿ, ಪಾಪ್ ರಿವೆಟ್ ಬದಲಿ ಹಾಕಬೇಡಿ. ಚಾನೆಲ್ಲಿನ ಮೇಲ್ತುದಿ ಹಿಂದಿನ ಗೋಡೆಗೆ ಬಿಗಿಯಾಗಿ ಕಟ್ಟಿಕೊಂಡಿರಬೇಕು.

ಟ್ಯೂಬ್ ಕೂರಿಸಿ, ಬ್ಲಾಕು ಬಿಗಿದು, ಮೋಟಾರು ಜೋಡಿಸದೆ ಮೊದಲು ಕೈಯಲ್ಲೇ ಆಡಿಸಿ ನೋಡಿ. ಆಮೇಲೆ ಪುಶ್‌ರಾಡ್. ಏಲೆರಾನ್‌ಗಳನ್ನು ನಡುಸ್ಥಾನದಲ್ಲಿ ಕಟ್ಟಿಹಾಕಿ, ಫ್ಲ್ಯಾಪಿನ ಹಿಂದಿನ ಅಂಚು ಅದಕ್ಕೆ ಸಮವಾಗುವವರೆಗೆ ರಾಡಿನ ಉದ್ದ ಹೊಂದಿಸಿ. ರಾಡ್ ಎಂಡಿನ (ರಾಡಿನ ತುದಿಯ ಕೀಲು) ದಾರ ರಾಡಿನೊಳಗೆ ವ್ಯಾಸದ ಒಂದೂವರೆಯಷ್ಟಾದರೂ ಇರಲಿ; ಕಾಲಿಂಚಿನ ದಾರಕ್ಕೆ ಎಂಟನೇ ಮೂರು ಇಂಚು. ಅದಕ್ಕಿಂತ ಕಡಿಮೆಯಾಗುತ್ತದೆಂದರೆ ರಾಡ್ ಗಿಡ್ಡವಾಯಿತು, ಬೇರೆ ಮಾಡಿ. ರಾಡ್ ಎಂಡಿನ ಹೊರಗಡೆ ಅಗಲದ ಎಎನ್970 ವಾಷರ್ ಹಾಕಿದರೆ, ಒಳಗಿನ ಗುಂಡು ಕಳಚಿಬಂದರೂ ರಾಡ್ ಬೋಲ್ಟಿನಿಂದ ಜಾರಿಹೋಗುವುದಿಲ್ಲ. ಬೋಲ್ಟೇ ತಿರುಗುವ ಕೀಲುಗಳಲ್ಲಿ ಕ್ಯಾಸಲ್ ನಟ್ಟು ಮತ್ತು ಕಾಟರ್ ಪಿನ್; ನೈಲಾನ್ ಉಂಗುರದ ನಟ್ಟು ಅಲ್ಲಿ ಸಲ್ಲದು. ತಿರುಗದ ಕಡೆ ಬಿಗಿತ ಎಎನ್3 ಬೋಲ್ಟಿಗೆ 20ರಿಂದ 25 ಇಂಚು-ಪೌಂಡು, ಎಎನ್4ಕ್ಕೆ 50ರಿಂದ 70. ಸ್ವಯಂಬಿಗಿ ನಟ್ಟಿನ ಎಳೆತವನ್ನು ಅದಕ್ಕೆ ಕೂಡಿಸಿಕೊಳ್ಳಿ.

ಸ್ಕ್ರೂವಿನ ತುದಿಯ ರಾಡ್ ಎಂಡ್ ಮೇಲೆ ಕಣ್ಣಿಡಿ. ಮೋಟಾರು ಪ್ರತಿ ಸಲ ಓಡುವಾಗ ಅದನ್ನು ಬಿಚ್ಚುವ ಕಡೆಗೂ ತಿರುಗಿಸಲು ನೋಡುತ್ತದೆ. ಜಾಮ್ ನಟ್ಟು ಒಂದನ್ನೇ ನಂಬಿದರೆ ಕ್ರಮೇಣ ಸಡಿಲವಾಗಿ, ದಾರ ದಾರವಾಗಿ ಹೊರಬಂದು, ಒಂದು ದಿನ ಕಳಚುತ್ತದೆ. ಎರಡೂ ಫ್ಲ್ಯಾಪ್ ಒಟ್ಟಿಗೇ ಗಾಳಿಗೆ ಮೇಲೇರುತ್ತವೆ. ಸೇಫ್ಟಿ ವೈರ್ ಹಾಕಿ ತಿರುಗದಂತೆ ಕಟ್ಟಲೇಬೇಕು.

ವೈರಿಂಗ್

ಎರಡು ದಾರಿಗಳಿವೆ. ಸುಲಭದ್ದು, ಪ್ಯಾನೆಲ್ ಮೇಲೆ ಬಿಟ್ಟರೆ ನಡುವಿಗೆ ಬಂದು ನಿಲ್ಲುವ ಎರಡು-ಪೋಲಿನ ಸ್ವಿಚ್ಚು. ಅದರ ಹಿಂದೆ ತಂತಿಗಳನ್ನು ಅಡ್ಡಡ್ಡ ದಾಟಿಸಿ ಮೋಟಾರಿನ ದಿಕ್ಕು ಬದಲಿಸುವುದು. ರಿಲೇ ಇಲ್ಲ, ಕೆಡುವುದು ಕಡಿಮೆ. ಸ್ಟಿಕ್ ಮೇಲೆ ಗುಂಡಿ ಇಡುವ ಹಟವಿಲ್ಲದಿದ್ದರೆ ಇದನ್ನೇ ಮಾಡಿ, ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.

ಸ್ಟಿಕ್ಕಿನ ಸಣ್ಣ ಗುಂಡಿ ಮೋಟಾರಿನ ಕರೆಂಟು ತಾಳುವುದಿಲ್ಲ, ಆದ್ದರಿಂದ ಎರಡು ರಿಲೇ ಬೇಕು. ವಾಹನಗಳಲ್ಲಿ ಬಳಸುವ 30 ಆಂಪಿಯರಿನ ಐದು ಕಾಲಿನ ರಿಲೇ ಸಾಕು. ಎರಡರ 30ನೇ ಕಾಲುಗಳು ಮೋಟಾರಿನ ಎರಡು ತಂತಿಗಳಿಗೆ, ಎರಡೂ 87ಎ ಭೂಮಿಗೆ, ಎರಡೂ 87 ಬ್ರೇಕರಿನಿಂದ ಬರುವ 12 ವೋಲ್ಟಿಗೆ. ಯಾವುದನ್ನೂ ಒತ್ತದಿದ್ದಾಗ ಮೋಟಾರಿನ ಎರಡು ತುದಿಯೂ ಭೂಮಿಯಲ್ಲಿರುತ್ತವೆ, ಅದು ಉರುಳದೆ ಥಟ್ಟನೆ ನಿಲ್ಲುತ್ತದೆ. ಅಪ್ಪಿತಪ್ಪಿ ಎರಡೂ ಎಳೆದರೆ ಎರಡು ತುದಿಯಲ್ಲೂ 12 ವೋಲ್ಟು, ಆಗಲೂ ಮೋಟಾರು ಅಲುಗದು. ಪ್ರತಿ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ.

ಈಗ ಬಹಳ ಜನ ತಪ್ಪುವ ಜಾಗ. ಕಾರಿನಲ್ಲಿ ಮಾಡುವಂತೆ ಕಾಯಿಲ್‌ಗೆ ಸದಾ 12 ವೋಲ್ಟು ಕೊಟ್ಟು, ಗುಂಡಿಯಿಂದ ಭೂಮಿಗೆ ಮುಟ್ಟಿಸುವುದು ರೂಢಿ. ಸ್ಟಿಕ್ಕಿನೊಳಗಿನ ತಂತಿ ವರ್ಷಗಟ್ಟಲೆ ಬಾಗಿ ಬಾಗಿ ಕವಚ ಸವೆದು ಲೋಹಕ್ಕೆ ತಾಗಿತೆನ್ನಿ. ರಿಲೇಗೆ ಅದು ಗುಂಡಿ ಒತ್ತಿದಂತೆಯೇ, ಫ್ಲ್ಯಾಪ್ ಓಡುತ್ತದೆ. ತಿರುಗಿಸಿ ಜೋಡಿಸಿ: ಕಾಯಿಲಿನ ಒಂದು ತುದಿ ಸದಾ ಭೂಮಿಗೆ, ಗುಂಡಿಯ ಮೂಲಕ 12 ವೋಲ್ಟು, ಅದಕ್ಕೆ 1 ಆಂಪಿಯರ್ ಫ್ಯೂಸು. ಆಗ ಅದೇ ತಂತಿ ಲೋಹಕ್ಕೆ ತಾಗಿದರೆ ಫ್ಯೂಸು ಹೋಗುತ್ತದೆ, ಫ್ಲ್ಯಾಪ್ ಇದ್ದಲ್ಲೇ ನಿಲ್ಲುತ್ತದೆ.

ಮೋಟಾರಿನ ತಂತಿಗೆ ವಿಮಾನಕ್ಕೆಂದೇ ಮಾಡಿದ ಟೆಫ್ಜೆಲ್ ಕವಚದ್ದು ಬಳಸಿ. ಹೋಗಿಬರುವ ದೂರ 20 ಅಡಿ, ಕರೆಂಟು 8 ಆಂಪಿಯರ್ ಎಂದರೆ 18 ಗೇಜಿನಲ್ಲಿ ಒಂದು ವೋಲ್ಟು ಕಳೆಯುತ್ತದೆ, 16 ಗೇಜಿನಲ್ಲಿ ಸುಮಾರು 0.65. 16 ಹಾಕಿ, ಎರಡು ತಂತಿಯನ್ನೂ ಹೆಣೆದು ಒಯ್ಯಿರಿ. ಭೂಮಿ ತಂತಿಯನ್ನು ರೇಡಿಯೋದ ಭೂಮಿ ಜಾಗಕ್ಕೆ ಸೇರಿಸಬೇಡಿ, ಇಲ್ಲದಿದ್ದರೆ ಫ್ಲ್ಯಾಪ್ ಓಡುವಾಗಲೆಲ್ಲ ಹೆಡ್‌ಸೆಟ್ಟಿನಲ್ಲಿ ಮೋಟಾರಿನ ಕೂಗು.

ಫ್ಯೂಸಿನ ಬದಲು ಎಳೆದು ತೆಗೆಯಬಹುದಾದ ಬ್ರೇಕರ್ ಹಾಕಿ, ಕೈಗೆಟಕುವ ಜಾಗದಲ್ಲಿ. ವಿಮಾನದಲ್ಲಿ ಉಳಿದೆಲ್ಲಕ್ಕೂ ಫ್ಯೂಸ್ ಬ್ಲಾಕೇ ಚೆನ್ನ, ಆದರೆ ಫ್ಲ್ಯಾಪ್ ಮತ್ತು ಟ್ರಿಮ್ (ಸ್ಟಿಕ್ಕಿನ ಭಾರ ಇಳಿಸುವ ಏರ್ಪಾಡು) ಎರಡಕ್ಕೆ ಬ್ರೇಕರ್ ಬೇಕು. ರಿಲೇಯ ಮುಳ್ಳು ಕಿಡಿಯಿಂದ ಬೆಸೆದುಕೊಂಡರೆ ಗುಂಡಿ ಬಿಟ್ಟರೂ ಮೋಟಾರು ನಿಲ್ಲದು. ಆಗ ಅದನ್ನು ಬೇಗ ನಿಲ್ಲಿಸುವ ದಾರಿ ಆ ಬ್ರೇಕರ್ ಎಳೆಯುವುದು. ಅಂಕ ಊಹಿಸಬೇಡಿ: ಕ್ಲ್ಯಾಂಪ್ ಮೀಟರ್ ಹಿಡಿದು ಹೊರೆಯಲ್ಲಿ ಓಡುವ ಕರೆಂಟು ಅಳೆಯಿರಿ, ಅದಕ್ಕಿಂತ ಸ್ವಲ್ಪ ಮೇಲಿನದನ್ನು ಆರಿಸಿ. ತಂತಿ ತಾಳುವ ಮಿತಿಯನ್ನು ಮೀರದಿರಲಿ.

ಲಿಮಿಟ್ ಸ್ವಿಚ್ಚು ಮೋಟಾರಿನ ತಂತಿಯಲ್ಲೇ ಇರಲಿ, ಕಾಯಿಲಿನ ತಂತಿಯಲ್ಲಿ ಬೇಡ. ಕಾಯಿಲಿನಲ್ಲಿಟ್ಟರೆ ಕರೆಂಟು ಕಡಿಮೆ, ಸ್ವಿಚ್ಚು ಸಣ್ಣದು, ನಿಜ. ಆದರೆ ರಿಲೇ ಬೆಸೆದುಕೊಂಡ ದಿನ ಅದು ಇದ್ದೂ ಇಲ್ಲದಂತೆ. ಮೋಟಾರಿನ ತಂತಿಯಲ್ಲಿ ಸ್ವಿಚ್ಚಿಟ್ಟು, ತಿರುಗಿ ಬರಲು ದಾರಿಯಾಗುವಂತೆ ಅದರ ಎರಡು ಕಾಲಿಗೆ ಅಡ್ಡಲಾಗಿ ಡಯೋಡ್ ಹಾಕಬೇಕು. ಇಲ್ಲಿ 1ಎನ್4007 ಸುಟ್ಟುಹೋಗುತ್ತದೆ, ಅದರ ಶಕ್ತಿ ಒಂದೇ ಆಂಪಿಯರ್. 6 ಆಂಪಿಯರಿನ 6ಎ10 ಅಥವಾ ಅದಕ್ಕಿಂತ ದೊಡ್ಡದನ್ನು ಹಾಕಿ. ಡಯೋಡ್ ತಿರುವುಮುರುವಾದರೆ ಸ್ವಿಚ್ಚು ತೆರೆದರೂ ಮೋಟಾರು ಓಡುತ್ತಲೇ ಇರುತ್ತದೆ, ಆದ್ದರಿಂದ ಪುಶ್‌ರಾಡ್ ಜೋಡಿಸುವ ಮೊದಲೇ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿ. ಮೈಕ್ರೋಸ್ವಿಚ್ಚಿನ ಮೇಲೆ ಬರೆದ 15 ಆಂಪಿಯರ್ ಸಾಮಾನ್ಯವಾಗಿ ಮನೆಯ ಎಸಿ ಕರೆಂಟಿಗೆ ಹೇಳಿದ್ದು. ಡಿಸಿಯಲ್ಲಿ ಕಿಡಿ ಆರುವುದು ನಿಧಾನ, ಡಿಸಿ ಅಂಕ ನೋಡಿ ಕೊಳ್ಳಿ. ಮೇಲಿನ ಮಿತಿಯನ್ನು ಫ್ಲ್ಯಾಪ್ ರೆಕ್ಕೆಗೆ ತಾಗುವ ಕೂದಲೆಳೆ ಮೊದಲು ನಿಲ್ಲುವಂತೆ ಇಡಿ. ತಾಗಿದ ಮೇಲೂ ಮೋಟಾರು ಎಳೆಯುತ್ತಿದ್ದರೆ ಪ್ರತಿ ಹಾರಾಟದಲ್ಲೂ ಮೋಟಾರಿನ ಪೂರ್ತಿ ಬಲ ರಾಡ್ ಎಂಡಿನ ಮೇಲೆ, ತಗಡಿನ ಮೇಲೆ. ತುದಿಯಲ್ಲಿ ಜಾರಿ ತಿರುಗುವ ಏರ್ಪಾಡು ಇರುವ ಮೋಟಾರು ನಿಮ್ಮದಾದರೆ ಈ ಸ್ವಿಚ್ಚುಗಳೇ ಬೇಕಿಲ್ಲ.

ಗುಂಡಿ ಎಲ್ಲಿ?

ಸ್ಟಿಕ್ ಮೇಲೆ ಈಗಾಗಲೇ ಟ್ರಿಮ್ ಗುಂಡಿ, ಮಾತಾಡುವ ಗುಂಡಿ ಇದ್ದೇ ಇರುತ್ತವೆ. ಟ್ರಿಮ್ ಒತ್ತಲು ಹೋದ ಹೆಬ್ಬೆರಳು ಫ್ಲ್ಯಾಪ್ ಒತ್ತುವುದು ಅಪರೂಪವಲ್ಲ. 150 ಮೈಲಿಯಲ್ಲಿ ಅದಾದರೆ ಫ್ಲ್ಯಾಪ್ ಮಾತ್ರವಲ್ಲ, ಅದರ ಹಿಂಜೂ ಅಪಾಯದಲ್ಲಿ. ಥ್ರಾಟಲ್ ಪಕ್ಕ ಪ್ಯಾನೆಲ್ ಮೇಲಿಡಿ. ಮೇಲಕ್ಕೆ ಒತ್ತಿದರೆ ಫ್ಲ್ಯಾಪ್ ಮೇಲೆ, ಕೆಳಕ್ಕೆ ಒತ್ತಿದರೆ ಕೆಳಗೆ. ಹಿಡಿಕೆ ಚಪ್ಪಟೆಯಾಗಿ ರೆಕ್ಕೆಯಂತಿದ್ದರೆ ಕತ್ತಲಲ್ಲೂ ಕೈಗೆ ಗುರುತು ಸಿಗುತ್ತದೆ.

ಒಂದೇ ಸಲ ಒತ್ತಿದರೆ ಪೂರ್ತಿ ಏರುವ ಕಂಟ್ರೋಲರ್‌ಗಳೂ ಸಿಗುತ್ತವೆ. ಇಳಿಸುವಾಗ ಹಂತ ಹಂತವಾಗಿ ನಿಲ್ಲುವುದು ಅನುಕೂಲವೇ. ಏರಿಸುವಾಗ ಮಾತ್ರ ಬೇಡ: ಗೋ-ಅರೌಂಡಿನಲ್ಲಿ 40ರಿಂದ 20ಕ್ಕೆ ತರಬೇಕಾದಲ್ಲಿ ಅದು ಸೊನ್ನೆಗೇ ಎಳೆದುಕೊಂಡು ಹೋಗುತ್ತದೆ, ವಿಮಾನ ಕುಸಿಯುತ್ತದೆ. ಒತ್ತಿ ಹಿಡಿದಷ್ಟು ಹೊತ್ತೇ ಓಡಲಿ. ವೇಗ ಹೆಚ್ಚಿದ್ದಾಗ ಫ್ಲ್ಯಾಪ್ ಇಳಿಯದಂತೆ ತಡೆಯುವ ಏರ್‌ಸ್ಪೀಡ್ ಸ್ವಿಚ್ಚು ಹಾಕುವುದಾದರೆ ಅದು ಇಳಿಸುವುದನ್ನಷ್ಟೇ ತಡೆಯಬೇಕು, ಏರಿಸುವುದನ್ನು ಯಾವತ್ತೂ ತಡೆಯಬಾರದು. ಎಷ್ಟು ಡಿಗ್ರಿ ಎಂದು ತಿಳಿಯಲು ಫ್ಲ್ಯಾಪಿನ ಒಳತುದಿಯಲ್ಲಿ 10, 20, 30ರ ಗೆರೆ ಬರೆದರಾಯಿತು. ಆರ್‌ವಿ-6ರಲ್ಲಿ ಕತ್ತು ತಿರುಗಿಸಿದರೆ ಕಾಣುತ್ತದೆ, ಆ ಗೆರೆ ಕೆಡುವುದಿಲ್ಲ.

ನೆಲದ ಮೇಲಿನ ಪರೀಕ್ಷೆ

ಡಿಜಿಟಲ್ ಕೋನಮಾಪಕ ಇಟ್ಟು ಪ್ರತಿ 10 ಡಿಗ್ರಿಗೂ ಎಡ-ಬಲ ಅಳೆದು ಬರೆದಿಡಿ. ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇರಲಿ, ಸೊನ್ನೆಯಲ್ಲಿ ಇನ್ನೂ ಕಡಿಮೆ. ಇದಾದ ಮೇಲೆ ಹೊರೆಯ ಪರೀಕ್ಷೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಫ್ಲ್ಯಾಪಿನ ಸ್ವಂತ ತೂಕ ಕೆಳಕ್ಕೆ ಎಳೆಯುತ್ತದೆ, ಗಾಳಿ ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ಹ್ಯಾಂಗರಿನಲ್ಲಿ ಸುಮ್ಮನೆ ಇಳಿಸಿ ಏರಿಸಿದ್ದು ಪರೀಕ್ಷೆಯಾಗುವುದಿಲ್ಲ. ಮೇಲಿನ ಲೆಕ್ಕದ ಪ್ರಕಾರ ಅಗಲದ ನಡುವೆ ಒಂದೊಂದು ಫ್ಲ್ಯಾಪ್‌ಗೆ ಸುಮಾರು 80 ಪೌಂಡು ಮೇಲಕ್ಕೆ ತಳ್ಳಬೇಕು. ಫ್ಲ್ಯಾಪನ್ನು 40ಕ್ಕೆ ಇಳಿಸಿ, ಅದೇ ಇಳಿಜಾರಿಗೆ ಕೊಯ್ದ ಮರದ ತುಂಡಿಗೆ ದಪ್ಪ ಬಟ್ಟೆ ಸುತ್ತಿ, ಒಳಗಿನ ರಿಬ್ಬುಗಳ ಸಾಲಿಗೆ ಕೂರುವಂತೆ ಇಡಿ. ಅದರಡಿ ಜಾಕ್, ಜಾಕಿನಡಿ ಮನೆಯ ತೂಕದ ಯಂತ್ರ. ಜಾಕು ಮತ್ತು ಮರದ ತೂಕ ಕಳೆದು 80 ಬರುವವರೆಗೆ ಎರಡೂ ಕಡೆ ಒಟ್ಟಿಗೆ ಎತ್ತಿ. ಸ್ಕ್ರೂ ಹಿಂದಕ್ಕೆ ತಿರುಗಬಾರದು, ಚಾನೆಲ್ ಬಾಗಿ ವಾಪಸು ಬರದೆ ಉಳಿಯಬಾರದು. ಆಮೇಲೆ ಜಾಕ್ ತೆಗೆದು, ಇಬ್ಬರು ಕೈಯಲ್ಲಿ ಮೇಲಕ್ಕೆ ಒತ್ತಿ ಹಿಡಿದಿರಲು ಮೋಟಾರನ್ನು 20ರಿಂದ 40ಕ್ಕೆ ಓಡಿಸಿ; ಕರೆಂಟನ್ನೂ ಮೋಟಾರಿನ ತುದಿಯ ವೋಲ್ಟನ್ನೂ ಬರೆದುಕೊಳ್ಳಿ. ಎಂಜಿನ್ ನಿಂತ ಬ್ಯಾಟರಿಯಲ್ಲಿ, 11.5 ವೋಲ್ಟಿನ ಆಸುಪಾಸಿನಲ್ಲೂ ಒಮ್ಮೆ ನೋಡಿ.

ಕಾಗದಪತ್ರ

ವಿಮಾನ ನೀವು ಕಟ್ಟಿದ್ದಲ್ಲ, ಹಾಗಾಗಿ ಕಟ್ಟಿದವರಿಗೆ ಸಿಗುವ ರಿಪೇರ್‌ಮನ್ ಪ್ರಮಾಣಪತ್ರ ನಿಮಗಿಲ್ಲ. ಕೆಲಸ ನೀವೇ ಮಾಡಬಹುದು, ಆದರೆ 12 ತಿಂಗಳಿಗೊಮ್ಮೆಯ ತಪಾಸಣೆಗೆ ಆ ಪ್ರಮಾಣಪತ್ರವಿರುವ ಮೂಲ ಕಟ್ಟುಗರೋ ಎ ಮತ್ತು ಪಿ (ಏರ್‌ಫ್ರೇಮ್, ಪವರ್‌ಪ್ಲಾಂಟ್) ಪರವಾನಗಿಯ ಮೆಕ್ಯಾನಿಕ್ಕೋ ಆ ಅಧಿಕಾರವಿರುವ ಇನ್ನೊಬ್ಬರೋ ಸಹಿ ಹಾಕಬೇಕು. ಅವರಿಗೆ ಕೆಲಸ ಶುರುವಾಗುವ ಮೊದಲೇ ನಕ್ಷೆ ತೋರಿಸಿ. ವಿಮಾನದ ಜೊತೆಯಿರುವ ಆಪರೇಟಿಂಗ್ ಲಿಮಿಟೇಶನ್ಸ್ ಹಾಳೆ ತೆಗೆದು ದೊಡ್ಡ ಬದಲಾವಣೆಯ ಬಗ್ಗೆ ಏನಿದೆ ಓದಿ. ನಿಯಮ 21.93ರ ಪ್ರಕಾರ ತೂಕ, ಬಲ, ವಿಶ್ವಾಸಾರ್ಹತೆ, ಹಾರಾಟದ ಗುಣಗಳಿಗೆ ಗಣನೀಯ ಪರಿಣಾಮವಾಗುವ ಬದಲಾವಣೆ ದೊಡ್ಡದು. ಇದನ್ನು ಹಾಗೆಂದೇ ಎಣಿಸಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಸ್ಥಳೀಯ ಕಚೇರಿಗೆ ತಿಳಿಸುವುದು ಜಾಣತನ. ಸಾಮಾನ್ಯವಾಗಿ ಕನಿಷ್ಠ 5 ಗಂಟೆ ಪರೀಕ್ಷಾ ಹಾರಾಟ, ಲಾಗ್‌ಬುಕ್ಕಿನಲ್ಲಿ ಸ್ಟಾಲ್ ವೇಗ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ), ಏರುವ ವೇಗಗಳು, ತೂಕ, ಗುರುತ್ವಕೇಂದ್ರ, ಇಷ್ಟು ಬರೆಯಬೇಕಾಗುತ್ತದೆ. ತೆಗೆದದ್ದು, ಹಾಕಿದ್ದು ಎರಡನ್ನೂ ತೂಗಿಡಿ. ವಿಮೆಯವರಿಗೂ ಒಂದು ಸಾಲು ಬರೆಯಿರಿ.

ಮೊದಲ ಹಾರಾಟ

ಒಬ್ಬರೇ, ನೆಲದಿಂದ 3000 ಅಡಿಗೂ ಮೇಲೆ, ವೇಗ 80 ಮೈಲಿ. 10 ಡಿಗ್ರಿ ಇಳಿಸಿ ನಿಲ್ಲಿಸಿ, ಎರಡೂ ಫ್ಲ್ಯಾಪ್ ಕಣ್ಣಲ್ಲಿ ನೋಡಿ, ಸ್ಟಿಕ್ ನಡುವೆಯೇ ಇದೆಯೇ ನೋಡಿ. ಹೀಗೆ ಹಂತ ಹಂತವಾಗಿ 40ರವರೆಗೆ. ಯಾವುದೇ ಹಂತದಲ್ಲಿ ವಿಮಾನ ಒಂದು ಕಡೆ ವಾಲಿದರೆ ಯೋಚಿಸುತ್ತ ಕೂರಬೇಡಿ, ಈಗಷ್ಟೇ ಮಾಡಿದ್ದನ್ನು ತಿರುಗಿಸಿ. ಹಿಂದಿನ ಹಂತದಲ್ಲಿ ಅದು ನೆಟ್ಟಗಿತ್ತು. ಪೂರ್ತಿ ಫ್ಲ್ಯಾಪ್ ಇಳಿದೇ ಇರುವಂತೆ ಬ್ರೇಕರ್ ಎಳೆದು, ಪೂರ್ತಿ ಥ್ರಾಟಲಿನಲ್ಲಿ ಏರಲು ಸಾಧ್ಯವೇ, ಎಷ್ಟು ವೇಗದಲ್ಲಿ ಏರುತ್ತದೆ ಎಂದು ಅಲ್ಲೇ ಅಳೆದುಕೊಳ್ಳಿ. ಫ್ಲ್ಯಾಪ್ ಕೆಳಗೇ ಸಿಕ್ಕಿಕೊಂಡ ದಿನ ಗೋ-ಅರೌಂಡ್ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಆ ಅಂಕಿಯಲ್ಲಿದೆ. 100 ಮೈಲಿಯ ಮಿತಿಯಲ್ಲಿ ಇಳಿಸಿ ನೋಡುವುದು ಕೊನೆಗೆ.

ಮುಂದಿನ ತಪಾಸಣೆಗಳಲ್ಲಿ ನೋಡಬೇಕಾದ್ದು ಸೇಫ್ಟಿ ವೈರ್, ಚಾನೆಲ್ಲಿನ ರಿವೆಟ್ಟಿನ ಸುತ್ತ ಕಪ್ಪು ಹುಡಿ (ರಿವೆಟ್ಟು ಅಲುಗುತ್ತಿರುವ ಗುರುತು), ಟ್ಯೂಬಿನ ಬೆಸುಗೆಯ ಬುಡ. ಮೋಟಾರು ಒಮ್ಮೊಮ್ಮೆ ಓಡದೆ, ತಟ್ಟಿದರೆ ಓಡಿದರೆ ಸ್ವಿಚ್ಚು ಬದಲಿಸಲು ಹೊರಡಬೇಡಿ. ಹೆಚ್ಚಾಗಿ ಗೇರಿನ ಗ್ರೀಸ್ ಬ್ರಷ್‌ಗಳ ಕಡೆಗೆ ಹರಿದಿರುತ್ತದೆ. ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದರೆ ಸರಿಹೋಗುತ್ತದೆ. ಆದರೆ ಹೊರೆಯಲ್ಲಿ ಓಡುವ ಕರೆಂಟು ನೀವು ಮೊದಲು ಬರೆದಿಟ್ಟದ್ದಕ್ಕಿಂತ ಏರಿದ್ದರೆ ದೋಷ ಮೋಟಾರಿನಲ್ಲಿಲ್ಲ, ಎಲ್ಲೋ ಹಿಡಿಯುತ್ತಿದೆ.

ಜಕ್ಕೂರಿನ ಗೆಳೆಯರಿಗೆ: ಇದರಲ್ಲಿ ಯಾವುದನ್ನೂ ಸಿಎಚ್ 701ಕ್ಕೆ ಎತ್ತಿಕೊಳ್ಳಬೇಡಿ. ಅದರಲ್ಲಿ ಫ್ಲ್ಯಾಪ್ ಬೇರೆ, ಏಲೆರಾನ್ ಬೇರೆ ಎಂದಿಲ್ಲ. ರೆಕ್ಕೆಯ ಉದ್ದಕ್ಕೂ ಇರುವ ಒಂದೇ ಫ್ಲ್ಯಾಪರಾನ್ ಎರಡೂ ಕೆಲಸ ಮಾಡುತ್ತದೆ, ಸ್ಟಿಕ್ಕಿನ ಚಲನೆಯನ್ನೂ ಫ್ಲ್ಯಾಪ್ ಲಿವರಿನದನ್ನೂ ಒಂದು ಮಿಕ್ಸರ್ ಕೂಡಿಸುತ್ತದೆ. ಆ ಮಿಕ್ಸರಿಗೆ ಕಟ್ಟಿದ ಮೋಟಾರಿನ ಬ್ರ್ಯಾಕೆಟ್ ಮುರಿದರೆ ಅಥವಾ ಸಿಕ್ಕಿಕೊಂಡರೆ ಫ್ಲ್ಯಾಪ್ ಮಾತ್ರ ಹೋಗುವುದಿಲ್ಲ, ವಿಮಾನವನ್ನು ವಾಲಿಸಿ ತಿರುಗಿಸುವ ಹಿಡಿತವೂ ಅದರೊಂದಿಗೆ ಹೋಗಬಹುದು. ಭಾರತದಲ್ಲಿ ಇಂಥ ಬದಲಾವಣೆಗೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಒಪ್ಪಿಗೆಯೂ ಬೇಕು. ಆ ಲಿವರ್ ಇದ್ದಂತೆಯೇ ಇರಲಿ.